ಮಗಳ ಲೇತಿಗೆ ಬೀಗ ಬಿದ್ದ ದಿನ

ಮಾನ್ಯ ಓದುಗರ ಸನ್ನಿಧಿಗೆ,

ಮೊದಲನೆಯದಾಗಿ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಲೇತ್ ಯಂತ್ರದಲ್ಲಿ ಕಬ್ಬಿಣದ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಎನ್ನುತ್ತಾರೆ. ಹಿಂದೊಮ್ಮೆ ನನ್ನ ಬಲಗೈಯ ಹೆಬ್ಬೆರಳು ಅದಕ್ಕೆ ಸಿಕ್ಕಿತು. ಅಂದಿನಿಂದ ಅದು ಮಡಚುವುದಿಲ್ಲ, ಪೆನ್ನು ಜಾರುತ್ತದೆ. ಒತ್ತಕ್ಷರಗಳಲ್ಲಿಯೂ ಹ್ರಸ್ವ ದೀರ್ಘಗಳಲ್ಲಿಯೂ ತಪ್ಪುಗಳಾಗಿರುವ ಸಂಭವವಿದೆ. ಇದುವರೆಗೆ ನಾನು ಕನ್ನಡದಲ್ಲಿ ಬರೆದಿರುವುದೆಲ್ಲ ಕಚೇರಿ ಪತ್ರಗಳೇ ಆಗಿರುವುದರಿಂದ, ಈ ಬರಹವೂ ರಜೆ ಅರ್ಜಿಯಂತೆ ಕಂಡುಬಂದರೆ ಉದಾರ ಮನಸ್ಸಿನಿಂದ ಮನ್ನಿಸಬೇಕಾಗಿ ಪ್ರಾರ್ಥನೆ.

ವಿಷಯ: ಕಿವಿ ಕೇಳದ ಮಗಳು ಲೇತ್ ಯಂತ್ರದ ಮುಂದೆ ನಿಂತದ್ದು ಮತ್ತು ತಂದೆಗೆ ಇದ್ದ ಭಯದ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಾನು ಹುಬ್ಬಳ್ಳಿ ಕಡೆಯವನು. ಅಲ್ಲಿನ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಲೇತ್ ಕೆಲಸ ಕಲಿಸುವ ಟರ್ನರ್ ವಿಭಾಗದ ಕಿರಿಯ ತರಬೇತಿ ಅಧಿಕಾರಿಯಾಗಿದ್ದೆ. ತೊಂಬತ್ತರ ದಶಕದ ನಡುವೆ, ಅಮೆರಿಕದಲ್ಲಿದ್ದ ನನ್ನ ಅಕ್ಕ ಬಹಳ ವರ್ಷಗಳ ಹಿಂದೆ ನಮ್ಮ ವಲಸೆಗಾಗಿ ಹಾಕಿದ್ದ ಅರ್ಜಿ ಮಂಜೂರಾಗಿ, ಹೆಂಡತಿ ಮತ್ತು ಒಬ್ಬಳೇ ಮಗಳೊಂದಿಗೆ ಉತ್ತರ ಕ್ಯಾರೊಲಿನಾದ ಏಪೆಕ್ಸ್ ಊರಿಗೆ ಬಂದೆ. ನನ್ನ ಪ್ರಮಾಣಪತ್ರಗಳು ಇಲ್ಲಿ ನಡೆಯಲಿಲ್ಲ. ಸಮೀಪದ ಕಮ್ಯುನಿಟಿ ಕಾಲೇಜಿನ ಯಂತ್ರಶಾಲೆಯಲ್ಲಿ ಟೂಲ್ ರೂಮಿನ ಸಹಾಯಕನ ಕೆಲಸ ಸಿಕ್ಕಿತು. ವಿದ್ಯಾರ್ಥಿಗಳು ಕೇಳಿದ ಉಪಕರಣವನ್ನು ಕಿಟಕಿಯಿಂದ ಕೊಡುವುದು, ಸಂಜೆ ಒರೆಸಿ ಎಣ್ಣೆ ಹಚ್ಚಿ ಒಳಗಿಡುವುದು. ಆ ಕೆಲಸದ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ.

ಮಗಳಿಗೆ ಚಿಕ್ಕಂದಿನಲ್ಲಿ ಮಿದುಳು ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಜ್ವರಕ್ಕೆ ಮೊದಲು ಕಲಿತಿದ್ದ ಮಾತು ಮಾತ್ರ ಉಳಿದುಕೊಂಡಿತು. ಅವಳ ಧ್ವನಿ ಮೂಗಿನಿಂದ ಬಂದಂತೆ ಇರುತ್ತದೆ, ಅಭ್ಯಾಸವಿಲ್ಲದವರಿಗೆ ತಿಳಿಯುವುದಿಲ್ಲ. ನಾವು ತುಟಿ ಆಡಿಸಿದರೆ ಕನ್ನಡವನ್ನು ಓದಿಕೊಳ್ಳುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ಕೈಭಾಷೆಯನ್ನು ನೋಡನೋಡುತ್ತಲೇ ಕಲಿತುಬಿಟ್ಟಳು. ನನಗೂ ನನ್ನ ಹೆಂಡತಿಗೂ ಅದು ಬರಲಿಲ್ಲ. ಅವಳು ಗೆಳತಿಯರೊಡನೆ ಬೆರಳು ಆಡಿಸುತ್ತ ನಗುವಾಗ ನಾನು ದೂರ ನಿಂತು, ಏನು ಹೇಳುತ್ತಿರಬಹುದು ಎಂದು ಊಹಿಸುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ಕಾಲೇಜು ಯುರೋಪಿನ ಕೆಲವು ವೃತ್ತಿ ಶಾಲೆಗಳೊಂದಿಗೆ ಒಂದು ಸಹಕಾರ ಯೋಜನೆಯಲ್ಲಿ ಸೇರಿತ್ತು. ಡೆನ್ಮಾರ್ಕಿನ ಒಂದು ಶಾಲೆ, ಜರ್ಮನಿಯ ಒಂದು ಶಾಲೆ, ನಾವು. ಕ್ಯಾರೊಲಿನಾದ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಗಿರಣಿಯಲ್ಲಿ ಕೆಲಸ ಕಳೆದುಕೊಂಡವರಿಗೂ, ಕಾಲೇಜಿನ ಬಾಗಿಲಿಗೆ ಬರಲು ಸಾಧ್ಯವಾಗದೆ ಉಳಿದಿದ್ದ ಅಂಗವಿಕಲ ಯುವಕ ಯುವತಿಯರಿಗೂ ಯುರೋಪಿನ ಪದ್ಧತಿಯಲ್ಲಿ ಕಸುಬು ಕಲಿಸಿ ಕೆಲಸ ಕೊಡಿಸುವುದು ಯೋಜನೆಯ ಉದ್ದೇಶ. ವಾರದಲ್ಲಿ ಕೆಲವು ದಿನ ತರಗತಿ, ಉಳಿದ ದಿನ ಯಂತ್ರಶಾಲೆ. ಕೊನೆಯಲ್ಲಿ ಯುರೋಪಿನಿಂದ ಒಬ್ಬರು ಬಂದು ಕೈಕೆಲಸದ ಪರೀಕ್ಷೆ ಮಾಡುವರು. ತೇರ್ಗಡೆಯಾದವರನ್ನು ದಕ್ಷಿಣ ಕ್ಯಾರೊಲಿನಾದಲ್ಲಿದ್ದ ಜರ್ಮನ್ ಕಾರ್ಖಾನೆಯೊಂದು ತರಬೇತಿ ನೌಕರರನ್ನಾಗಿ ತೆಗೆದುಕೊಳ್ಳುವುದೆಂದು ಮಾತಾಗಿತ್ತು.

ಮಗಳು ಈ ಯೋಜನೆಗೆ ತಾನಾಗಿಯೇ ಹೆಸರು ಕೊಟ್ಟು ಬಂದಳು. ನನಗೆ ಹೇಳಿದ್ದು ಆಮೇಲೆ. ನನ್ನ ಹೆಬ್ಬೆರಳನ್ನು ತೋರಿಸಿದೆ. ಅವಳು ಅದನ್ನು ಹಿಡಿದು ಒಮ್ಮೆ ಅಲ್ಲಾಡಿಸಿ ಬಿಟ್ಟಳು, ಅಷ್ಟೇ.

ಲೇತ್ ನಡೆಸುವವನಿಗೆ ಕಿವಿಯೇ ಕಾವಲುಗಾರ. ಕಬ್ಬಿಣ ಸುಲಿಯುವ ಉಳಿ ಮೊಂಡಾದರೆ ಧ್ವನಿ ಬದಲಾಗುತ್ತದೆ, ತುಂಡು ಸಡಿಲವಾದರೆ ಗಡಗಡ ಎನ್ನುತ್ತದೆ, ಕಣ್ಣಿಗೆ ಕಾಣುವ ಮೊದಲೇ ಕಿವಿ ಕೈಗೆ ಆಜ್ಞೆ ಮಾಡುತ್ತದೆ. ಊರಿನಲ್ಲಿ ನಾನು ಹುಡುಗರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಇದು. ಆ ಪಾಠ ನನಗೆ ತಿಳಿದಿದ್ದರಿಂದಲೇ ನನ್ನ ಭಯ ಉಳಿದ ತಂದೆಯರ ಭಯಕ್ಕಿಂತ ಹೆಚ್ಚಿನದಾಗಿತ್ತು. ಟೂಲ್ ರೂಮಿನ ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಯಾವ ಯಂತ್ರ ಥಟ್ಟನೆ ನಿಂತರೂ ಅದು ಅವಳದೇ ಎಂದು ಕೈಯಲ್ಲಿದ್ದುದನ್ನು ಬಿಟ್ಟು ಕಿಟಕಿಗೆ ಓಡುತ್ತಿದ್ದೆ.

ಆ ವರ್ಷದ ಗಣೇಶನ ಹಬ್ಬಕ್ಕೆ ಕನ್ನಡಿಗರೆಲ್ಲ ಒಂದು ಶಾಲೆಯ ಊಟದ ಹಾಲಿನಲ್ಲಿ ಸೇರಿದ್ದರು. ಮಗಳು ಏನು ಓದುತ್ತಿದ್ದಾಳೆಂದು ಇಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಒಬ್ಬರು ವಿಚಾರಿಸಿದರು. ಹೇಳಿದೆ. ಅವರ ಕೈಯ ಬಿಸಿಬೇಳೆ ಬಾತಿನ ಚಮಚ ಅಲ್ಲಿಯೇ ನಿಂತಿತು.

"ಲೇತ್ ಮಷೀನಾ? ಅಂಕಲ್, ಸೀರಿಯಸ್ ಆಗಿ ಹೇಳ್ತಿದೀರಾ? ಡೇಟಾ ಎಂಟ್ರಿ ಕೋರ್ಸ್‌ಗೆ ಅಪ್ಲೈ ಮಾಡ್ಸಿ. ಎ.ಸಿ. ರೂಮು, ಸೇಫು. ಕಿವಿ ಕೇಳಿಸ್ಬೇಕು ಅಂತಾನೂ ಇಲ್ಲ."

ನನ್ನ ಹೆಂಡತಿ ಪಕ್ಕದಲ್ಲಿಯೇ ಇದ್ದಳು. "ಆಕಿಗೆ ಕಬ್ಬಿಣ ಅಂದ್ರ ಪ್ರೀತಿರೀ," ಎಂದಳು, "ನಿಮಗ ಕಂಪ್ಯೂಟರ್ ಇದ್ದಂಗ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಪರೀಕ್ಷೆಗೆ ಕೆಲವು ದಿನ ಮೊದಲು ಯಂತ್ರಶಾಲೆಯ ಇನ್‌ಸ್ಟ್ರಕ್ಟರು ನನ್ನನ್ನು ಊಟದ ವೇಳೆ ಕರೆದು ಕೂರಿಸಿಕೊಂಡರು. ಆತ ಹಿಂದೆ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿಧಾನವಾಗಿ ಮಾತನಾಡುವ ಸ್ಥಳೀಯ ಮನುಷ್ಯ. ಯೋಜನೆಯ ಪಾಲುದಾರರಲ್ಲಿ ಒಮ್ಮತವಿಲ್ಲವೆಂದು ಅವರು ನನಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಿವಿ ಕೇಳದವರನ್ನು ಯಂತ್ರದ ಮುಂದೆ ಒಂಟಿಯಾಗಿ ನಿಲ್ಲಿಸಬಾರದು, ಅಳತೆ ನೋಡುವ ಮೇಜಿನ ಕೆಲಸ ಕೊಟ್ಟರೆ ಸಾಕು ಎಂದು ಕೆಲವರ ಅಭಿಪ್ರಾಯ. ಬರುತ್ತಿರುವ ಡೆನ್ಮಾರ್ಕಿನ ಪರೀಕ್ಷಕಿ ನೋಡಿ ತೀರ್ಮಾನಿಸುತ್ತಾರೆ. ನಿಮ್ಮ ಮಗಳೇ ಮೊದಲನೆಯವಳು, ಸುರಕ್ಷತೆಯ ವಿಷಯದಲ್ಲಿ ಒಂದು ಸಣ್ಣ ಲೋಪ ಕಂಡರೂ ಕಾರ್ಖಾನೆಯ ಬಾಗಿಲು ಅವಳಿಗೂ ಮುಚ್ಚುತ್ತದೆ, ಅವಳ ಹಿಂದೆ ಬರುವವರಿಗೂ ಮುಚ್ಚುತ್ತದೆ ಎಂದರು. ನಾನು ತಂದಿದ್ದ ರೊಟ್ಟಿಯನ್ನು ಮತ್ತೆ ಸುತ್ತಿ ಡಬ್ಬಿಯಲ್ಲಿಟ್ಟೆ.

ಇಲ್ಲಿ ಒಂದು ಸಂಗತಿಯನ್ನು ವಿವರಿಸುವುದು ಅಗತ್ಯ. ಪರೀಕ್ಷೆಗೆ ಗೊತ್ತಾದ ದಿನ ಖಂಡೇನವಮಿಯಾಗಿತ್ತು. ಮೈಸೂರಿನ ಕಡೆ ಆಯುಧಪೂಜೆ ಎನ್ನುವುದನ್ನೇ ನಾವು ಹಾಗೆ ಕರೆಯುತ್ತೇವೆ. ಊರಿನ ನಮ್ಮ ಸಂಸ್ಥೆಯಲ್ಲಿ ಅಂದು ಒಂದು ಯಂತ್ರವೂ ತಿರುಗುತ್ತಿರಲಿಲ್ಲ. ಲೇತುಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ಕಾಲಬುಡದಲ್ಲಿ ನಿಂಬೆಹಣ್ಣು ಇಡುತ್ತಿದ್ದೆವು. ಮಗಳು ಚಿಕ್ಕವಳಿದ್ದಾಗ ಪ್ರತಿ ವರ್ಷ ನನ್ನ ಜೊತೆ ಬಂದು ಹೂವು ಏರಿಸುತ್ತಿದ್ದಳು. ನಾವು ದುಡಿಸಿಕೊಳ್ಳುವ ಕಬ್ಬಿಣಕ್ಕೆ ವರ್ಷದಲ್ಲಿ ಒಂದು ದಿನ ವಿಶ್ರಾಂತಿ ಕೊಡಬೇಕು, ಕೊಡದಿದ್ದರೆ ಅದು ತಾನೇ ತೆಗೆದುಕೊಳ್ಳುತ್ತದೆ ಎಂದು ನಮ್ಮ ಹಿರಿಯರ ಮಾತು.

ಹಿಂದಿನ ಸಂಜೆ ನನ್ನ ಹೆಂಡತಿ ಅಡುಗೆ ಮನೆಯಿಂದಲೇ ಶುರು ಮಾಡಿದಳು. "ನಾಳಿ ಖಂಡೇನವಮಿ ಐತ್ರೀ. ಪೂಜಿ ಇಲ್ಲದ ಮಷೀನಿಗೆ ಆಕಿ ಕೈ ಹೆಂಗ ಹಚ್ಚಸ್ತೀರಿ? ನಿಮ್ಮ ಬಟ್ಟು ಹೋಗಿದ್ದು ಯಾವ ವರ್ಷ, ನೆನಪು ಮಾಡ್ಕೋರಿ."

ನೆನಪಿತ್ತು. ಸಂಸ್ಥೆಗೆ ತುರ್ತು ಕೆಲಸ ಬಂದು, ಮೇಲಧಿಕಾರಿಗಳ ಆದೇಶದಂತೆ ಪೂಜೆ ಬಿಟ್ಟ ವರ್ಷವೇ ನನ್ನ ಹೆಬ್ಬೆರಳು ಚಕ್ಕಿಗೆ ಸಿಕ್ಕಿದ್ದು. ಆದರೂ ನಾನು, ಇದು ಅಮೆರಿಕ, ದಿನಾಂಕ ಗೊತ್ತುಪಡಿಸಿದವರು ಯುರೋಪಿನವರು, ನಮ್ಮ ಪಂಚಾಂಗ ಅವರಿಗೆ ಅನ್ವಯಿಸುವುದಿಲ್ಲ ಎಂದು ಉತ್ತರಿಸಿ ಮಾತು ಮುಗಿಸಿದೆ. ಮಗಳು ಮೇಜಿನ ಆಚೆ ಕುಳಿತು ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಪರೀಕ್ಷಕಿ ಬಂದರು. ನೆರೆತ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದ ಎತ್ತರದ ಹೆಂಗಸು, ಮುಖದಲ್ಲಿ ನಗುವೂ ಇಲ್ಲ ಸಿಟ್ಟೂ ಇಲ್ಲ. ಇನ್‌ಸ್ಟ್ರಕ್ಟರು ಅವರಿಗೆ ಶಾಲೆಯನ್ನು ತೋರಿಸುತ್ತ ಮಗಳ ಲೇತಿನ ಬಳಿಗೆ ಬಂದರು. ಕೈಭಾಷೆಯ ದುಭಾಷಿ ಇನ್ನೂ ದಾರಿಯಲ್ಲಿದ್ದರು. ಮಗಳು ಕನ್ನಡಕ ಹಾಕಿಕೊಂಡು, ಜಡೆಯನ್ನು ಟೋಪಿಯೊಳಗೆ ಸೇರಿಸಿಕೊಂಡು ನಿಂತಿದ್ದಳು. ಪರೀಕ್ಷಕಿ ಬಾಗಿ ನೋಡಿದವರು ಹಾಗೆಯೇ ಉಳಿದರು. ಅವರು ಕೈ ಮೇಲೆತ್ತಿದ ರೀತಿಗೆ ಇಡೀ ಶಾಲೆಯ ಯಂತ್ರಗಳು ನಿಂತವು.

ನಾನು ಟೂಲ್ ರೂಮಿನಿಂದ ಹೊರಗೆ ಬಂದೆ. ಬರಬಾರದಿತ್ತು, ಬಂದೆ.

ಲೇತಿನ ತಲೆಯ ಮೇಲೆ, ಅಂದರೆ ಚಕ್ಕನ್ನು ತಿರುಗಿಸುವ ಪೆಟ್ಟಿಗೆಯ ಮೇಲೆ, ಯಂತ್ರ ನಿಲ್ಲಿಸುವ ಗುಂಡಿಯ ಪಕ್ಕದಲ್ಲಿ, ಕಡುಗೆಂಪು ಕಲೆ ಇತ್ತು. ಅಲ್ಲಿಂದ ಒಂದು ಗೆರೆ ಹರಿದು ಕೆಳಗಿನ ತಟ್ಟೆಗೆ ಇಳಿದು, ನೆಲದ ಮೇಲೂ ಹನಿಗಳು ಬಿದ್ದಿದ್ದವು. ರಕ್ತ. ಅಲ್ಲಿದ್ದವರೆಲ್ಲರಿಗೂ ಅದು ರಕ್ತವೇ. ಯಾರಿಗೋ ಗಾಯವಾಗಿದೆ, ವರದಿ ಮಾಡಿಲ್ಲ, ಒರೆಸಿಯೂ ಇಲ್ಲ. ಗಾಯವನ್ನು ಮುಚ್ಚಿಟ್ಟವರನ್ನು ತರಬೇತಿಯಿಂದ ತೆಗೆದುಹಾಕುವುದು ಮೊದಲ ದಿನವೇ ಎಲ್ಲರಿಗೂ ತಿಳಿಸಿದ್ದ ನಿಯಮ. ಇನ್‌ಸ್ಟ್ರಕ್ಟರು ಮಗಳಿಗೆ ಕೈ ತೋರಿಸುವಂತೆ ಸನ್ನೆ ಮಾಡಿದರು. ಅವಳು ಎರಡೂ ಅಂಗೈಗಳನ್ನು ಮುಂದೆ ಹಿಡಿದಳು. ಬಲಗೈಯ ಉಂಗುರ ಬೆರಳು ಕೆಂಪಾಗಿತ್ತು.

ನನಗೆ ಮಾತ್ರ ಒಂದು ನೋಟದಲ್ಲಿಯೇ ತಿಳಿಯಿತು. ಕುಂಕುಮ ಒಣಗಿದ್ದಾಗ ಹುಡಿ. ಎಣ್ಣೆ ಹಿಡಿದ ಕಬ್ಬಿಣದ ಮೇಲೆ ಅದು ಕರಗಿ ಹೀಗೆಯೇ ಹರಿಯುತ್ತದೆ. ಯಂತ್ರದ ಕಾಲಬುಡದಲ್ಲಿ ಒಂದು ನಿಂಬೆಹಣ್ಣೂ ಇತ್ತು. ಇನ್‌ಸ್ಟ್ರಕ್ಟರು ಅದನ್ನು ಎತ್ತಿ, ಇದು ಯಾರ ಚಹಾಕ್ಕೆ ಎಂಬಂತೆ ಸುತ್ತಲೂ ನೋಡಿದರು. ಯಾರೂ ನಗಲಿಲ್ಲ.

ನನ್ನ ಭಯ ಆಗ ಎರಡು ಕಡೆಯಿಂದ ಬಂತು. ಸುಮ್ಮನಿದ್ದರೆ ರಕ್ತ, ಮುಚ್ಚಿಟ್ಟ ಗಾಯ, ಅವಳು ಹೊರಗೆ. ಬಾಯಿಬಿಟ್ಟರೆ ಯಂತ್ರದ ಮೇಲೆ, ಅದೂ ನಿಲ್ಲಿಸುವ ಗುಂಡಿಯ ಪಕ್ಕದಲ್ಲಿ ಪರಪದಾರ್ಥ ಹಚ್ಚಿದವಳು, ನಿಯಮ ತಿಳಿಯದವಳು, ಅವಳು ಹೊರಗೆ. ನನಗೆ ಬರುವ ಇಂಗ್ಲಿಷೂ ಕಚೇರಿ ಪತ್ರದ ಇಂಗ್ಲಿಷೇ. ಪರೀಕ್ಷಕಿಯ ಮುಂದೆ ಹೋಗಿ, ಮಾನ್ಯರೇ, ನಾನು ಈ ವಿದ್ಯಾರ್ಥಿನಿಯ ತಂದೆ, ದುಭಾಷಿ ಬರುವವರೆಗೆ ನಮ್ಮ ಭಾಷೆಯಲ್ಲಿ ಕೇಳಲು ಅಪ್ಪಣೆಯಾಗಬೇಕು ಎಂದು ವಿನಂತಿಸಿದೆ. ಅವರು ತಲೆಯಾಡಿಸಿದರು.

ಮಗಳ ಎದುರು ನಿಂತು ತುಟಿ ಆಡಿಸಿದೆ. "ಕುಂಕುಮ ನೀ ಹಚ್ಚೀಯೇನು?"

"ಹೂಂ. ಅವ್ವ ಕೊಟ್ಟಿದ್ಲು. ಮುಂಜಾನೆ ಬಂದು ಹಚ್ಚಿದೆ," ಎಂದಳು. ಅವಳ ಧ್ವನಿ ನಿಂತ ಯಂತ್ರಗಳ ನಡುವೆ ದೊಡ್ಡದಾಗಿ ಕೇಳಿಸಿತು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇದು ರಕ್ತವಲ್ಲ, ಅರಿಶಿನದಿಂದ ಮಾಡುವ ಪೂಜೆಯ ಪುಡಿ. ನಮ್ಮಲ್ಲಿ ಈ ದಿನ ದುಡಿಮೆಯ ಉಪಕರಣಗಳನ್ನು ಪೂಜಿಸುವ ಪದ್ಧತಿ ಇದೆ, ಹುಬ್ಬಳ್ಳಿಯಲ್ಲಿ ನಾನೇ ಇದನ್ನು ವರ್ಷವರ್ಷವೂ ನಡೆಸುತ್ತಿದ್ದೆ. ಪರೀಕ್ಷಕಿ ಕಲೆಯನ್ನು ಬೆರಳಿನಿಂದ ಮುಟ್ಟಿ ಮೂಸಿದರು. ಪೂಜೆಯ ನಂತರ ಯಂತ್ರ ನಡೆಸುತ್ತೀರಾ ಎಂದು ಕೇಳಿದರು. ಇಲ್ಲ, ಅಂದು ನಡೆಸುವಂತಿಲ್ಲ ಎಂದೆ. ಹಾಗಾದರೆ ಈ ಹುಡುಗಿ ಇಂದು ಪರೀಕ್ಷೆಗೆ ಯಾಕೆ ಬಂದಳು, ಕೇಳಿ ಎಂದರು.

ಕೇಳಿದೆ. ಮಗಳು ನನ್ನನ್ನು ನೋಡಲಿಲ್ಲ, ಅವರನ್ನೇ ನೋಡಿ ಹೇಳಿದಳು.

"ಕರದ್ರು, ಬಂದೆ. ಬರಲಿಲ್ಲಂದ್ರ, ಕಿವುಡಿಗೆ ತಿಳಿದಿಲ್ಲ ಅಂತಾರ."

ಈ ಮಾತನ್ನು ಅನುವಾದಿಸಬೇಕಾದವನು ನಾನು. ಮೃದುಮಾಡಿ ಹೇಳಬಹುದಿತ್ತು, ಪರೀಕ್ಷೆಯ ಬಗ್ಗೆ ಗೌರವದಿಂದ ಬಂದಳು ಎಂದರೆ ಮುಗಿಯುತ್ತಿತ್ತು. ಆದರೆ ಮಗಳ ಕಣ್ಣು ಈಗ ನನ್ನ ತುಟಿಯ ಮೇಲಿತ್ತು. ಇಂಗ್ಲಿಷ್ ತುಟಿಯನ್ನು ಅವಳು ಎಷ್ಟು ಓದಬಲ್ಲಳೋ ನನಗೆ ತಿಳಿಯದು. ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಗಿರಣಿಯಿಂದ ಬಂದ ಹೆಂಗಸೊಬ್ಬರು ಮುಂದಿನ ಯಂತ್ರದ ಬಳಿ ನಿಂತಿದ್ದರು, ಅವರು ನೆಲ ನೋಡಿದರು. ಪರೀಕ್ಷಕಿ ಏನನ್ನೋ ಬರೆದುಕೊಂಡರು. ಬರೆಯುವ ಅಧಿಕಾರಿಗಳನ್ನು ಕಂಡರೆ ನನಗೆ ಸರ್ವೀಸಿನುದ್ದಕ್ಕೂ ಭಯವೇ. ಅಂದಿನಷ್ಟು ಭಯ ಎಂದೂ ಆಗಿರಲಿಲ್ಲ.

ಇನ್‌ಸ್ಟ್ರಕ್ಟರು, ಪದಾರ್ಥ ಏನೇ ಇರಲಿ, ಬೇರೊಬ್ಬರು ತೊಳೆದು ಪರಿಶೀಲಿಸುವವರೆಗೆ ಈ ಯಂತ್ರ ನಡೆಯುವಂತಿಲ್ಲ ಎಂಬುದು ಶಾಲೆಯ ನಿಯಮ ಎಂದರು. ಸ್ವಿಚ್ಚಿಗೆ ಕೆಂಪು ಚೀಟಿ ಕಟ್ಟಿ ಬೀಗ ಹಾಕಿದರು. ಬೇರೆ ಯಂತ್ರ ಕೊಡಬೇಕೇ ಎಂದು ಪರೀಕ್ಷಕಿಯನ್ನು ಕೇಳಿದರು. ಅವರು ಮಗಳ ಮುಖ ನೋಡಿದರು, ಬೀಗ ನೋಡಿದರು. ಬೇಡ, ನಾಳೆ ಮಧ್ಯಾಹ್ನ ನನ್ನ ವಿಮಾನಕ್ಕೆ ಮೊದಲು ಇದೇ ಯಂತ್ರದಲ್ಲಿ ಎಂದರು. ಅದು ದಯೆಯೋ, ತಿರಸ್ಕಾರವನ್ನು ಒಂದು ದಿನ ಮುಂದೂಡುವ ಸೌಜನ್ಯವೋ ನನಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನು ತಿಳಿಸಿದೆ. ಬೈಗುಳ ಬಾಯಿಯವರೆಗೆ ಬಂದಿತ್ತು. "ಅಂದ್ರ ಇವತ್ತ ಮಷೀನ ತಿರುಗಲಿಲ್ಲಲ್ಲ," ಎಂದಳು ಆಕೆ, ಮತ್ತು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬೈಯಲಿಲ್ಲ.

ಮರುದಿನದ ಪರೀಕ್ಷೆಗೆ ನನ್ನನ್ನು ಯಂತ್ರಗಳ ಬಳಿಗೆ ಬಿಡಲಿಲ್ಲ, ಟೂಲ್ ರೂಮಿನಲ್ಲಿಯೇ ಇರುವಂತೆ ಸೂಚಿಸಿದರು. ಅದು ಸರಿಯಾದ ಕ್ರಮವೇ. ಉಳಿದ ಯಂತ್ರಗಳನ್ನು ನಿಲ್ಲಿಸಿದ್ದರಿಂದ ಅವಳ ಲೇತಿನ ಧ್ವನಿ ಒಂದೇ ಕೇಳುತ್ತಿತ್ತು. ಕಣ್ಣು ಮುಚ್ಚಿ ಕೇಳಿದೆ. ಉಳಿ ಕಬ್ಬಿಣವನ್ನು ಮುಟ್ಟಿತು. ಸರಿಯಾಗಿ ಸುಲಿಯುತ್ತಿದೆ. ಇನ್ನೊಂದು ಸುತ್ತು. ಆಮೇಲೆ ಒಮ್ಮೆಲೇ ಧ್ವನಿ ಒಡೆಯಿತು, ತೆಳುವಾದ ಗಡಗಡ. ಉಳಿ ನಡುಗುತ್ತಿದೆ. ನನಗೆ ತಿಳಿಯಿತು, ಇನ್‌ಸ್ಟ್ರಕ್ಟರಿಗೆ ತಿಳಿಯಿತು, ಡೆನ್ಮಾರ್ಕಿನವರಿಗೂ ತಿಳಿದಿರಲೇಬೇಕು. ಅವಳಿಗೆ ಹೇಗೆ ತಿಳಿದೀತು? ಕೂಗಿ ಪ್ರಯೋಜನವಿಲ್ಲದ ಮಗಳ ತಂದೆಯ ಬಾಯಿಯಲ್ಲಿ ಕೂಗು ಹೇಗೆ ನಿಲ್ಲುತ್ತದೆ ಎಂಬುದನ್ನು ಬರೆಯುವ ಶಕ್ತಿ ನನಗಿಲ್ಲ. ಆ ಗಡಗಡ ಬಹಳ ಹೊತ್ತು ಇತ್ತೆಂದು ನನಗೆ ಅನ್ನಿಸಿದೆ, ಇದ್ದಿರಲಾರದು.

ಯಂತ್ರ ನಿಂತಿತು.

ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ನೋಡಿದೆ, ಆಗ ಅವಳ ಕೈ ಕಂಡಿತು. ಅವಳ ಎಡ ಅಂಗೈ ಲೇತಿನ ತಲೆಯ ಮೇಲೆ ಚಪ್ಪಟೆಯಾಗಿ ಊರಿತ್ತು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಬಲಗೈ ಗುಂಡಿಯ ಮೇಲೆ. ತುಂಡಿನ ಮೈಯಲ್ಲಿ ಗೀರುಗಳು ಬಿದ್ದಿದ್ದವು, ಅದು ನಿಜ. ನನ್ನ ಕಿವಿ ನಿಲ್ಲಿಸುತ್ತಿದ್ದ ಕ್ಷಣಕ್ಕಿಂತ ತಡವಾಗಿ ಅವಳ ಕೈ ನಿಲ್ಲಿಸಿತು, ಅದೂ ನಿಜ. ಉಳಿಯನ್ನು ಬಿಗಿಮಾಡಿ, ಹೊಸ ತುಂಡು ಕೇಳಲು ನನ್ನ ಕಿಟಕಿಗೇ ಬಂದಳು. ಕೊಡುವಾಗ ತುಂಡು ಕಿಟಕಿಯ ಕಟ್ಟೆಗೆ ಬಡಿಯಿತು. ಅವಳು ನನ್ನನ್ನು ಅಪರಿಚಿತನಂತೆ ನೋಡಿ ತೆಗೆದುಕೊಂಡು ಹೋದಳು.

ಫಲಿತಾಂಶ ಬರಲು ಚಳಿಗಾಲ ಹತ್ತಿರವಾಯಿತು. ತೇರ್ಗಡೆ, ಆದರೆ ಷರತ್ತಿನ ಮೇಲೆ. ಅವಳು ನಡೆಸುವ ಯಂತ್ರಕ್ಕೆ ನಡುಕ ಹೆಚ್ಚಿದರೆ ಹೊತ್ತಿಕೊಳ್ಳುವ ದೀಪವನ್ನು ಕಾರ್ಖಾನೆಯವರು ಅಳವಡಿಸತಕ್ಕದ್ದು. ಅವರು ಒಪ್ಪಿದರು. ಇನ್‌ಸ್ಟ್ರಕ್ಟರು ನನ್ನ ಬೆನ್ನು ತಟ್ಟಿದರು. ಅಕ್ಕ ಪಾಯಸ ಮಾಡಿದಳು. ನಾನು ಸಂತೋಷಪಡಲು ಪ್ರಯತ್ನಿಸಿದೆ. ಅಲ್ಲಿಯವರೆಗೆ ಕಿಟಕಿಯಿಂದ ಅವಳ ಬೆನ್ನಾದರೂ ಕಾಣುತ್ತಿತ್ತು. ಇನ್ನು ಮುಂದೆ ಅದೂ ಇಲ್ಲವೆಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಹೊಸ ವರ್ಷದ ಮೊದಲ ವಾರ ದಕ್ಷಿಣ ಕ್ಯಾರೊಲಿನಾಕ್ಕೆ ನಾನೇ ಅವಳನ್ನು ಡ್ರೈವ್ ಮಾಡಿಕೊಂಡು ಹೋದೆ. ಗಿರಣಿಯಿಂದ ಬಂದಿದ್ದ ಆ ಹೆಂಗಸೂ ಆಯ್ಕೆಯಾಗಿದ್ದರು, ಇಬ್ಬರೂ ಒಂದೇ ಮನೆ ಹಿಡಿದಿದ್ದರು. ಕಾರ್ಖಾನೆಯ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿದೆ. ಉದ್ದನೆಯ ಬಿಳಿ ಕಟ್ಟಡ, ಒಂದು ಕಿಟಕಿಯೂ ಇಲ್ಲ. ತೋಳು ಮಡಚಿಕೋ, ಉಂಗುರ ತೆಗೆದಿಡು, ನಿದ್ದೆಗೆಟ್ಟ ದಿನ ಯಂತ್ರ ಮುಟ್ಟಬೇಡ ಎಂದು ನೂರು ಬಾರಿ ಹೇಳಿದ್ದನ್ನೇ ಮತ್ತೆ ತುಟಿ ಆಡಿಸಿ ಹೇಳತೊಡಗಿದೆ. ಅವಳು ನನ್ನ ಬಾಯಿಯಿಂದ ಕಣ್ಣು ತೆಗೆದು ಕಟ್ಟಡವನ್ನು ನೋಡಿದಳು. ಕಣ್ಣು ತೆಗೆದರೆ ನನ್ನ ಮಾತು ನಿಂತಂತೆಯೇ. ಸ್ವಲ್ಪ ಹೊತ್ತಿಗೆ ತಿರುಗಿದಳು.

"ಅಪ್ಪಾ, ನನಗೂ ಅಂಜಿಕಿ ಅದ. ನಿಂದೂ ಹೊತ್ಕೊಂಡು ಒಳಗ ಹೋಗಾಕ ಆಗೂದಿಲ್ಲ. ನೀ ಮನಿಗೆ ಹೋಗು."

ಇಳಿದು ಹೋದಳು. ಬಾಗಿಲಲ್ಲಿ ಕಾವಲುಗಾರ ಏನೋ ಕೇಳಿದ. ಅವಳು ಕಿವಿ ತೋರಿಸಿ, ಕೈ ಅಡ್ಡ ಆಡಿಸಿ, ಎದೆಯ ಗುರುತುಪಟ್ಟಿ ಮುಂದೆ ಹಿಡಿದಳು. ಅವನು ಬಾಗಿಲು ತೆರೆದ. ನಾನು ಅಲ್ಲಿಯೇ ಇರಬೇಕೆಂದುಕೊಂಡೆ. ಆದರೆ ಹೋಗು ಎಂದಿದ್ದಳು. ಕಾರು ಚಾಲೂ ಮಾಡಿ, ಹೆದ್ದಾರಿಗೆ ಸೇರುವ ಮೊದಲು ಸಿಕ್ಕಿದ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಪೆಟ್ರೋಲ್ ತುಂಬಿಸಿ, ಅನಂತರ ಮನೆಯ ದಾರಿ ಹಿಡಿದೆ.

ಮೇಲಿನ ಸಂಗತಿಗಳನ್ನು ನನಗೆ ನೆನಪಿರುವಷ್ಟು ಮಟ್ಟಿಗೆ ಸತ್ಯವಾಗಿ ನಿವೇದಿಸಿರುತ್ತೇನೆ. ಅಕ್ಷರದಲ್ಲಾಗಲಿ ವಾಕ್ಯದಲ್ಲಾಗಲಿ ಕಂಡುಬರುವ ತಪ್ಪುಗಳನ್ನು ಸಂಕೋಚವಿಲ್ಲದೆ ಗುರುತು ಮಾಡಿ ತಿದ್ದಿಕೊಡಬೇಕೆಂದು ಓದುಗರಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.